ಅಮಾವಾಸ್ಯೆಗೊಂದು ಸಹಿ

ರಾಯಾಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ, ಎರಡು ಕಟ್ಟಡಗಳ ನಡುವಿನ ನೆಲವನ್ನು ಹಿರಿಯರೊಬ್ಬರು ದೀಪಾವಳಿ ಪಾಡ್ಯದ ದಿನ ತೋಡತೊಡಗಿದರು. ಅವರು ಹುಡುಕುತ್ತಿದ್ದ ದೋಷ ಆ ನೆಲದಲ್ಲಿಲ್ಲ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಕಿಟಕಿಯಲ್ಲಿ ನಿಂತು ನೋಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರುವ ಕೀಲಿ, ಸಹಿ, ಸರ್ವರುಗಳ ಗದ್ದಲದಲ್ಲಿ ನಾನು ಬಹಳ ಜಾಣನಂತೆ ಕಾಣಿಸಿಬಿಡುತ್ತೇನೆ.

೨೦೦೭ರ ಮಾತು. ಒಂದು ಧರ್ಮಾರ್ಥ ಟ್ರಸ್ಟು ನಡೆಸುತ್ತಿದ್ದ ರಕ್ತಪರೀಕ್ಷೆಯ ಕೇಂದ್ರ ಅದು. ರಸ್ತೆಯ ಕಡೆಗಿನ ಕಟ್ಟಡದಲ್ಲಿ ಕೌಂಟರುಗಳು, ಹಿಂದಿನ ಕಟ್ಟಡದಲ್ಲಿ ಪ್ರಯೋಗಾಲಯ ಮತ್ತು ನನ್ನ ಸರ್ವರ್ ಕೋಣೆ. ನಡುವೆ ಬಯಲು, ಬಯಲಿನಡಿಯಲ್ಲಿ ಒಂದು ತಾಮ್ರದ ಕೇಬಲ್. ಕಮರಿಪೇಟೆಯಲ್ಲಿ ರಕ್ತ ತೆಗೆದುಕೊಳ್ಳುವ ಸಣ್ಣ ಶಾಖೆಯೊಂದಿತ್ತು. ಅದರ ಲೈನೂ ಮುಂದಿನ ಕಟ್ಟಡಕ್ಕೆ ಬಂದು ಅದೇ ಕೇಬಲ್ ಹಿಡಿದು ಹಿಂದಕ್ಕೆ ಬರುತ್ತಿತ್ತು. ವರದಿ ಕೇಳಿ ಬಂದವರ ಹೆಸರನ್ನು ಕೌಂಟರಿನವರು ನಮ್ಮ ವೆಬ್‌ಸೈಟಿನಲ್ಲಿ ಹಾಕಿ ಮುದ್ರಿಸಿ ಕೊಡುತ್ತಿದ್ದರು. ಆ ಒಂದು ಸೈಟು ಬಿಟ್ಟರೆ ಕೌಂಟರಿನ ಕಂಪ್ಯೂಟರುಗಳಲ್ಲಿ ಬೇರೇನೂ ತೆರೆಯದಂತೆ ನಾನೇ ಮಾಡಿದ್ದೆ.

ಕೇಬಲ್ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮೂವತ್ತು ವರ್ಷ ಗುತ್ತಿಗೆದಾರರ ಕೈಕೆಳಗೆ ಟೆಲಿಫೋನ್ ಕೇಬಲ್ಲುಗಳಿಗೆ ಜಾಯಿಂಟ್ ಹಾಕಿದವರು. ಪಿಂಚಣಿ ಎಂಬುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ಟ್ರಸ್ಟಿನ ಈ ಕೆಲಸವೇ ಅವರ ಮನೆಯ ಆಧಾರ, ಅದೂ ವರ್ಷಕ್ಕೊಮ್ಮೆ ದೀಪಾವಳಿ ಮುಗಿದ ಮೇಲಿನ ಸಭೆಯಲ್ಲಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ಕೌಂಟರಿನವರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಗೊತ್ತಿತ್ತು.

ನಾನು ಮಾಡಹೊರಟಿದ್ದು ಹೀಗೆ. ವೆಬ್‌ಸೈಟಿನ ಹೆಸರು ಹಾಕಿದಾಗ ಕಂಪ್ಯೂಟರು ಮೊದಲು ಡಿಎನ್‌ಎಸ್ ಎಂಬ, ಹೆಸರುಗಳ ಖಾತೆಯನ್ನು ಕೇಳುತ್ತದೆ, ‘ಈ ಹೆಸರಿನವರ ಸಂಖ್ಯೆ ಏನು’ ಎಂದು. ಉತ್ತರ ಕೊಟ್ಟವರು ಯಾರೆಂದು ಅದು ವಿಚಾರಿಸುವುದಿಲ್ಲ. ನಡುವೆ ಯಾರಾದರೂ ಸುಳ್ಳು ಸಂಖ್ಯೆ ತುರುಕಿದರೆ ನಮ್ಮ ಬಾಗಿಲಿಗೆ ಬರಬೇಕಾದವರು ಇನ್ನಾರದೋ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಇದಕ್ಕೆ ಕಟ್ಟಿದ ಕಾವಲೇ ಡಿಎನ್‌ಎಸ್‌ಸೆಕ್. ಪ್ರತಿ ಉತ್ತರಕ್ಕೂ ಒಂದು ಗುಪ್ತ ಕೀಲಿಯಿಂದ ಸಹಿ ಹಾಕಬೇಕು. ಕೇಳುವ ಯಂತ್ರ ಅದರ ಜೋಡಿಯಾದ ಬಹಿರಂಗ ಕೀಲಿಯಿಂದ ಆ ಸಹಿಯನ್ನು ತಾಳೆ ನೋಡುತ್ತದೆ. ಸಹಿಗೆ ಅವಧಿಯೂ ಇರುತ್ತದೆ. ಅವಧಿ ಮೀರಿದ ಸಹಿಯೂ ಸುಳ್ಳು ಸಹಿಯೂ ಯಂತ್ರಕ್ಕೆ ಒಂದೇ. ಎರಡಕ್ಕೂ ಅದು ಉತ್ತರವನ್ನೇ ತಡೆದುಬಿಡುತ್ತದೆ.

ಆಗಿನ್ನೂ ಜಗತ್ತಿನ ಮೂಲ ಖಾತೆಗೇ ಸಹಿ ಬಿದ್ದಿರಲಿಲ್ಲ, ಹೊರಗಿನ ಯಾರೂ ನಮ್ಮ ಸಹಿ ನೋಡುವವರಿರಲಿಲ್ಲ. ಅದಕ್ಕೆ ನಾನು ಮುಂದಿನ ಕಟ್ಟಡದಲ್ಲಿದ್ದ, ಕೌಂಟರುಗಳಿಗೂ ಕಮರಿಪೇಟೆಗೂ ಹೆಸರು ಹುಡುಕಿಕೊಡುವ ನಮ್ಮದೇ ಯಂತ್ರದಲ್ಲಿ ನಮ್ಮ ಬಹಿರಂಗ ಕೀಲಿಯನ್ನು ಬರೆದಿಟ್ಟೆ. ಯಾರೂ ನನಗೆ ಇದನ್ನು ಮಾಡು ಎಂದಿರಲಿಲ್ಲ. ಊರಿಗೇ ಮೊದಲಿಗನಾಗುವ ಹುರುಪು, ಅಷ್ಟೇ.

ಗುಪ್ತ ಕೀಲಿಯನ್ನು ಸರ್ವರಿನಲ್ಲೇ ಬಿಡಬಾರದು ಎಂದು ಓದಿದ್ದೆ. ಬೀಗ ಹಾಕಿ ಕೀಲಿಯನ್ನು ಅದೇ ಬಾಗಿಲಿಗೆ ನೇತುಹಾಕಿದರೆ ಬೀಗವಾದರೂ ಯಾಕೆ? ಹಾಗಾಗಿ ಅದನ್ನು ಪೆನ್‌ಡ್ರೈವಿಗೆ ಹಾಕಿ ಟ್ರಸ್ಟಿನ ತಿಜೋರಿಯಲ್ಲಿಡಲು ಕಾರ್ಯದರ್ಶಿಗಳನ್ನು ಕೇಳಿದೆ. ಅವರು ಹತ್ತಿ ವ್ಯಾಪಾರದ ಮನೆತನದವರು, ಎಲ್ಲರ ಬಾಯಲ್ಲೂ ಸಾಹುಕಾರ್ರು. ತಿಜೋರಿಯಲ್ಲಿ ಜಾಗದ ಕಾಗದಪತ್ರ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಅವರು ತೆರೆಯುತ್ತಿದ್ದುದು ತಿಂಗಳಿಗೊಮ್ಮೆ, ಅಮಾವಾಸ್ಯೆಯ ಪೂಜೆಗೆ. ಅಂಗಡಿಯಲ್ಲಿ ಹೇಗೋ ಟ್ರಸ್ಟಿನಲ್ಲೂ ಹಾಗೆ. ತಿಜೋರಿಗೆ ವಿಭೂತಿ ಕುಂಕುಮ, ಒಂದು ಕಾಯಿ, ಬಾಗಿಲಿಗೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ. ನನ್ನ ಪೆನ್‌ಡ್ರೈವನ್ನು ಅವರು ಪತ್ರಗಳ ಮೇಲಿಟ್ಟು, ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟರು.

ನಾನು ಅಲ್ಲೇ ಲೆಕ್ಕ ಹಾಕಿದೆ. ಸಹಿ ಹಾಕುವ ತಂತ್ರಾಂಶ ಕೊಡುವ ಅವಧಿ ಮೂವತ್ತು ದಿನ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ. ಅರ್ಧ ದಿನ ಕೈಯಲ್ಲೇ ಉಳಿಯಿತು. ಪ್ರತಿ ಅಮಾವಾಸ್ಯೆ ತಿಜೋರಿ ತೆರೆದಾಗ ಕೀಲಿ ಇಸಿದುಕೊಂಡು ಹೊಸ ಸಹಿ ಹಾಕಿ ಮರಳಿ ಇಟ್ಟರಾಯಿತು. ಚಂದ್ರನನ್ನೇ ಕೆಲಸಕ್ಕೆ ಇಟ್ಟುಕೊಂಡೆನಲ್ಲ ಎಂದು ಮನೆಯಲ್ಲಿ ಜಂಬ ಕೊಚ್ಚಿದ್ದೂ ಉಂಟು.

ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲ ಸಹಿ ಬಿತ್ತು. ನಾಗರ ಅಮಾವಾಸ್ಯೆಗೆ ಎರಡನೆಯದು. ನಡುವೆ ಇಪ್ಪತ್ತೊಂಬತ್ತು ದಿನ, ಎಲ್ಲವೂ ಸುಸೂತ್ರ.

ಮುಂದಿನ ತಿಂಗಳು, ಬೆನಕನ ಅಮಾವಾಸ್ಯೆಯ ಬೆಳಿಗ್ಗೆ ಹತ್ತಕ್ಕೆ ಕೌಂಟರುಗಳು ನಿಂತವು. ಕಮರಿಪೇಟೆಯೂ ನಿಂತಿತು. ಪ್ರಯೋಗಾಲಯದವರ ಯಂತ್ರಗಳು ನೇರ ಸರ್ವರಿಗೆ ಜೋಡಿಸಿದ್ದವು, ಅವರಿಗೆ ತೊಂದರೆಯಿಲ್ಲ. ನನ್ನ ಮೇಜಿನ ಕಂಪ್ಯೂಟರಿನಲ್ಲೂ ಸೈಟು ತೆರೆಯಿತು. ಹಿಂದೆ ಎಲ್ಲವೂ ಸರಿ, ಮುಂದೆ ಏನೂ ಇಲ್ಲ ಎಂದ ಮೇಲೆ ನಡುವಿನ ಕೇಬಲ್ಲೇ ಕೆಟ್ಟಿರಬೇಕು. ಸಾಹುಕಾರ್ರಿಗೆ ಹಾಗೇ ಹೇಳಿದೆ, ಕಾಕಾರನ್ನು ಕರೆಸಿದೆವು. ಹಿಂದೊಮ್ಮೆ ಪರೀಕ್ಷೆಗೆಂದು ನನ್ನ ಕಂಪ್ಯೂಟರಿನಲ್ಲಿ ಸೈಟಿನ ಹೆಸರು ಮತ್ತು ಸಂಖ್ಯೆಯನ್ನು ನಾನೇ ಕೈಯಾರೆ ಬರೆದುಕೊಂಡಿದ್ದೆ, ಅದು ಡಿಎನ್‌ಎಸ್ಸನ್ನು ಕೇಳುತ್ತಲೇ ಇರಲಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ಕಾಕಾ ತಂತಿಯ ದೋಷ ಅಳೆಯುವ ಮೆಗ್ಗರ್ ಮಶೀನು ಹಚ್ಚಿ ಕೇಬಲ್ ಪರೀಕ್ಷಿಸಿದರು. ಯಾವ ದೋಷವೂ ಕಾಣಲಿಲ್ಲ. ಹಾಗಿದ್ದರೆ ಬಿಡಿ ಎಂದು ನಾನು ಅನ್ನಬಹುದಿತ್ತು, ಅನ್ನಲಿಲ್ಲ. ಅವರು ಬಯಲಿನ ನಡುವೆ ಜಾಯಿಂಟಿಗೆಂದು ಕಟ್ಟಿದ್ದ ಚೇಂಬರಿನೊಳಗೆ ಇಳಿಯುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಮಶೀನ್ ಛಲೋ ಐತಿ ಅಂತೈತ್ರಿ ಸಾಹೇಬ್ರ. ಆದ್ರ ಕೂತ ಮಂದಿ ಲೈನ್ ಬರವಲ್ದು ಅಂತಾರ. ನಾ ಮಂದಿ ಮಾತ ನಂಬತೇನಿ.”

ಅವರು ಹಳೆಯ ಜಾಯಿಂಟನ್ನು ಬಿಚ್ಚಿ ಹೊಸದಾಗಿ ಹಾಕುತ್ತಿದ್ದ ಹೊತ್ತಿಗೇ ಇತ್ತ ಪೂಜೆ ಮುಗಿದು, ನಾನು ಪೆನ್‌ಡ್ರೈವ್ ಇಸಿದುಕೊಂಡು ಸಹಿ ಹಾಕಿದ್ದೆ. ಹನ್ನೊಂದೂವರೆಗೆ ಕೌಂಟರುಗಳು ಎದ್ದವು. ಕಾಯಿ ಒಡೆದ ಕೂಡಲೇ ಲೈನ್ ಬಂತು ಎಂದು ಕೌಂಟರಿನವರು ಕೈಮುಗಿದರು. ಕಾಕಾ ಮಾತ್ರ ಮಣ್ಣಿನ ಕೈಯಲ್ಲೇ ಸಾಹುಕಾರ್ರ ಮುಂದೆ ಹೋಗಿ, ಹಿಂದೆ ತಾನು ಹಾಕಿದ ಜಾಯಿಂಟೇ ಸಡಿಲಾಗಿತ್ತು, ತಪ್ಪು ತನ್ನದು, ಈಗ ಸರಿಮಾಡಿದ್ದೇನೆ ಎಂದು ಒಪ್ಪಿಕೊಂಡರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

ಅಂದು ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಮುಂದಿನ ಕಟ್ಟಡದ ಯಂತ್ರದ ದಾಖಲೆ ತೆರೆದೆ. ಹತ್ತರಿಂದ ಹನ್ನೊಂದೂವರೆಯವರೆಗೆ ಸಾಲು ಸಾಲಾಗಿ ಒಂದೇ ಮಾತು: ಸಹಿಯ ಅವಧಿ ಮುಗಿದಿದೆ. ಪಂಚಾಂಗ ತೆಗೆಸಿ ನೋಡಿದೆ. ಚಂದ್ರನದು ಇಪ್ಪತ್ತೊಂಬತ್ತೂವರೆ ದಿನ ಇರಬಹುದು, ಆದರೆ ಸಾಹುಕಾರ್ರು ಅರ್ಧ ದಿನಕ್ಕೆ ತಿಜೋರಿ ತೆರೆಯುವುದಿಲ್ಲ. ಪೂಜೆಯಿಂದ ಪೂಜೆಗೆ ಒಮ್ಮೆ ಇಪ್ಪತ್ತೊಂಬತ್ತು ದಿನ, ಒಮ್ಮೆ ಮೂವತ್ತು. ಇನ್ನು ಸಹಿ ಹಾಕುವ ತಂತ್ರಾಂಶ, ಗಡಿಯಾರಗಳು ಹಿಂದುಮುಂದಾಗಿರಬಹುದೆಂದು ಒಂದು ತಾಸು ಹಿಂದಿನಿಂದ ಅವಧಿಯನ್ನು ಎಣಿಸುತ್ತದೆ. ಮೂವತ್ತು ದಿನದ ತಿಂಗಳಲ್ಲಿ ಪೂಜೆಗೆ ಮೊದಲೇ ಸಹಿ ಸತ್ತಿರುತ್ತದೆ. ಕೈಪಿಡಿಯಲ್ಲಿ ಇದು ಒಂದೇ ಸಾಲು. ನಾನು ಓದಿಯೂ ಇದ್ದೆ.

ಆ ಕ್ಷಣ ಎದ್ದು ನಡೆದಿದ್ದರೆ ಈ ಬರಹವೇ ಬೇಕಿರಲಿಲ್ಲ. ಎದ್ದೆ, ಬಾಗಿಲವರೆಗೂ ಹೋದೆ. ಕಾಕಾ ಒಪ್ಪಿಕೊಂಡಾಗಿದೆ, ಯಾರೂ ಅವರನ್ನು ಬೈದಿಲ್ಲ, ವಿಷಯ ಮುಗಿದಿದೆ, ಈಗ ಕೆದಕಿದರೆ ಯಾರಿಗೂ ಅರ್ಥವಾಗದ ಸಹಿಯ ಪುರಾಣ ಹೇಳಬೇಕು. ಹೀಗೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡು ಮರಳಿ ಕೂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು, ಮುಟ್ಟಿ ನೋಡಿಕೊಂಡವರು ಕಾಕಾ.

ಗುಟ್ಟಾಗಿ ಸರಿಮಾಡೋಣ ಎಂದುಕೊಂಡೆ. ಅವಧಿಯನ್ನು ತೊಂಬತ್ತು ದಿನಕ್ಕೆ ಏರಿಸಿದರೆ ಸಾಕು. ಆದರೆ ಹಾಗೆ ಸಹಿ ಹಾಕಲು ಕೀಲಿ ಬೇಕು, ಕೀಲಿಗೆ ತಿಜೋರಿ ತೆರೆಯಬೇಕು, ನಡುವೆ ತೆರೆಯಿರಿ ಎಂದರೆ ಸಾಹುಕಾರ್ರು ಯಾಕೆ ಎನ್ನುತ್ತಾರೆ. ಆ ಒಂದು ‘ಯಾಕೆ’ಗೆ ಹೆದರಿ ಮಹಾಲಯ ಅಮಾವಾಸ್ಯೆಯವರೆಗೆ ಕಾದೆ. ಅಂದು ಸಾಹುಕಾರ್ರಿಗೆ ಮನೆಯಲ್ಲಿ ಹಿರಿಯರ ಎಡೆ, ಅವಸರ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ, ಕೀಲಿ ಮರಳಿ ಕೊಡಿ ಎಂದು ಕೈಚಾಚಿ ನಿಂತರು. ತೊಂಬತ್ತು ದಿನ ಎಂದು ತಿದ್ದಿದ್ದ ಆದೇಶಗಳ ಕಡತ ನನ್ನ ಕಂಪ್ಯೂಟರಿನಲ್ಲಿತ್ತು. ಹಳೆಯದು ಪೆನ್‌ಡ್ರೈವಿನಲ್ಲಿ ಕೀಲಿಯ ಪಕ್ಕದಲ್ಲೇ ಇತ್ತು. ಗಡಿಬಿಡಿಯಲ್ಲಿ ಓಡಿಸಿದ್ದು ಹಳೆಯದನ್ನು. ಸಹಿ ಬಿದ್ದ ಮೇಲೆ ಅದರ ಕೊನೆಯ ದಿನಾಂಕವನ್ನು ಕಣ್ಣಾರೆ ನೋಡಬೇಕೆಂಬುದು ಈ ಕೆಲಸದ ಮೊದಲ ಪಾಠ. ನೋಡಲಿಲ್ಲ.

ಮುಂದಿನ ಅಮಾವಾಸ್ಯೆ ದೀಪಾವಳಿಯದು. ಮತ್ತೆ ಮೂವತ್ತು ದಿನ, ಅದರ ಮೇಲೆ ಲಕ್ಷ್ಮೀಪೂಜೆ ಸಂಜೆಗೆ. ಹಬ್ಬದ ದಿನವೂ ಕೌಂಟರು ತೆರೆದಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲವೂ ನಿಂತಿತು. ಈ ಸಲ ನನಗೆ ತಕ್ಷಣವೇ ಗೊತ್ತಾಯಿತು. ಸಂಜೆಯವರೆಗೆ ಕಾಯುವಂತಿರಲಿಲ್ಲ. ಮುಂದಿನ ಕಟ್ಟಡಕ್ಕೆ ಹೋಗಿ ಆ ಯಂತ್ರದಲ್ಲಿ ಬರೆದಿಟ್ಟ ಬಹಿರಂಗ ಕೀಲಿಯ ಸಾಲನ್ನೇ ತೆಗೆದುಹಾಕಿದೆ, ಇನ್ನು ಸಹಿ ಕೇಳಬೇಡ ಎಂದು. ಐದು ನಿಮಿಷದ ಕೆಲಸ. ಆದರೆ ಆ ದಾರಿ ಹೊಳೆದು ಮಾಡುವಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು, ಮತ್ತು ಅಷ್ಟರೊಳಗೆ ಸಾಹುಕಾರ್ರು ಕಾಕಾಗೆ ಫೋನ್ ಮಾಡಿಸಿಯಾಗಿತ್ತು.

ಕಾಕಾ ಎಣ್ಣೆಸ್ನಾನ ಮಾಡಿ, ಹೊಸ ಅಂಗಿಯಲ್ಲೇ ಬಂದು ಚೇಂಬರಿಗೆ ಇಳಿದಿದ್ದರು. ಜಾಯಿಂಟ್ ಮುಟ್ಟಿದರು, ಮೇಲೆ ಕೌಂಟರು ಎದ್ದಿತು. ಮತ್ತೆ ಅದೇ ಕಾಗೆ, ಅದೇ ಕೊಂಬೆ. ಸಾಹುಕಾರ್ರು ಬಯಲಿಗೇ ಬಂದು ನಿಂತರು. ಅವರು ದನಿ ಏರಿಸುವವರಲ್ಲ.

“ಎರಡನೇ ಸಲ ಆತು ಕಾಕಾ. ಸೋಮವಾರ ಸಭಾ ಐತಿ. ಮಂದಿಗೆ ನಾ ಏನಂತ ಹೇಳ್ಲಿ?”

ಕಾಕಾ ಎರಡು ದಿನದ ಗಡುವು ಕೇಳಿಕೊಂಡರು. ಕೇಬಲ್ಲನ್ನು ಪೂರ್ತಿ ಬಿಚ್ಚಿ ಕಾರಣ ಹುಡುಕಿಯೇ ಸೋಮವಾರ ಸಭೆಯ ಮುಂದೆ ನಿಲ್ಲುವುದಾಗಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಸಂಜೆ ಲಕ್ಷ್ಮೀಪೂಜೆಯಲ್ಲಿ ಕೀಲಿ ಇಸಿದುಕೊಂಡು ತೊಂಬತ್ತು ದಿನದ ಸಹಿ ಹಾಕಿದೆ, ಕೊನೆಯ ದಿನಾಂಕವನ್ನು ಮೂರು ಸಲ ಓದಿದೆ, ಪೇಢೆ ತಿಂದು ಮನೆಗೆ ಹೋದೆ.

ಪಾಡ್ಯದ ದಿನ ಮನೆಯಲ್ಲಿ ಕೂರಲಾಗದೆ ಬಂದರೆ ಕಾಕಾ ತೋಡುತ್ತಿದ್ದರು. ಅಲ್ಲಿಯದು ಗರಸು ನೆಲ, ಕಲ್ಲು ಬೆರೆತ ಗಟ್ಟಿ ಮಣ್ಣು. ಕೇಬಲ್ಲಿಗೆ ಪೆಟ್ಟಾಗಬಾರದೆಂದು ಮೇಲೆ ಮೇಲೆ ಹಾರೆಯಿಂದ ಸಡಿಲಿಸಿ, ಆಳ ಬಂದಾಗ ಕೈಯಿಂದ ಮಣ್ಣು ತೆಗೆಯುತ್ತಿದ್ದರು. ಒಂದೊಂದು ಜಾಯಿಂಟ್ ಸಿಕ್ಕಾಗಲೂ ಕಿಟಕಿಯ ಕೆಳಗೆ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ಲೈನ್ ಈಗ ಸುಧಾರಿಸಿದೆಯೇ ನೋಡಿ ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಹಬ್ಬದ ದಿನ ಅವರ ವಯಸ್ಸಿನ ಮನುಷ್ಯನಿಗೆ ನಾಲ್ಕು ಸಲ ಹೌದು ಎಂದೆ. ಇನ್ನು ಸೈಟು ನಿಲ್ಲುವುದಿಲ್ಲ, ಸೋಮವಾರ ಅವರ ಕೆಲಸ ಹೇಗೋ ಉಳಿಯುತ್ತದೆ, ತೋಡಿ ಸಮಾಧಾನಪಟ್ಟುಕೊಳ್ಳಲಿ ಎಂದು ಅಂದುಕೊಂಡದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಟ್ಟಿತ್ತು.

ಮರುದಿನ, ಭಾನುವಾರ, ಹತ್ತರ ಸುಮಾರಿಗೆ ಅವರು ನನ್ನನ್ನು ಕೂಗಿ ಕರೆದರು. ಹಿಗ್ಗಿದ್ದರು. ಕೇಬಲ್ಲಿನ ಮೇಲಿನ ಕರಿ ಹೊದಿಕೆಯ ಮೇಲೆ ಒಂದು ಹಳೆಯ ಗೀರು ಸಿಕ್ಕಿತ್ತು, ಹೂಳುವಾಗ ಕಲ್ಲು ತಾಗಿದ್ದಿರಬೇಕು. ಒಳಗಿನ ತಂತಿಗೆ ಏನೂ ಆಗಿರಲಿಲ್ಲ. ಅವರಿಗೆ ಅದೇ ಕಳ್ಳ ಎನ್ನಿಸಿತ್ತು. ಅಲ್ಲಿ ಕೇಬಲ್ ಕತ್ತರಿಸಿ ಹೊಸ ಜಾಯಿಂಟ್ ಹಾಕುವೆನೆಂದು ಕತ್ತರಿ ಹಿಡಿದು ಕೂತಿದ್ದರು. ಗಟ್ಟಿಮುಟ್ಟಾದ ಕೇಬಲ್ಲಿಗೆ ಜಾಯಿಂಟ್ ಹಾಕಿದರೆ ಮುಂದಿನ ಮಳೆಗೆ ನೀರು ಇಳಿಯಲು ನಾವೇ ಬಾಗಿಲು ತೆರೆದಂತೆ, ಇದು ನನಗೆ ಅವರೇ ಕಲಿಸಿದ್ದು. ಇಂದು ಕತ್ತರಿಸಿದರೆ ನಾಳೆ ಆ ಕೇಬಲ್ ಖರೆಯಾಗಿಯೂ ಕೆಡುತ್ತದೆ, ಆಗ ಅವರನ್ನು ಉಳಿಸಲು ನನ್ನ ಸತ್ಯಕ್ಕೂ ಆಗುವುದಿಲ್ಲ. ನಾನು ತಗ್ಗಿಗೆ ಇಳಿದು ಕತ್ತರಿ ಹಿಡಿದೆ.

“ಬಿಡ್ರಿ ಕಾಕಾ. ಕೇಬಲ್‌ದಾಗ ಏನೂ ಇಲ್ಲ. ಎರಡೂ ಸಲ ತಪ್ಪು ನಂದ ಇತ್ತು.”

ಎಲ್ಲವನ್ನೂ ಹೇಳಿದೆ. ಸಹಿ, ಅವಧಿ, ತಿಜೋರಿ, ಅಮಾವಾಸ್ಯೆ. ಮುಗಿದ ಮೇಲೆ ಅವರು ಒಂದೇ ಮಾತು ಕೇಳಿದರು.

“ನಿಮಗ ಯಾವಾಗ ಗೊತ್ತಾತ್ರಿ?”

“ಬೆನಕನ ಅಮಾಸಿಗೆ. ಅವತ್ತ ಮಧ್ಯಾಹ್ನ.”

ಅವರು ಬೆರಳಲ್ಲಿ ತಿಂಗಳು ಎಣಿಸಿದರು. ಕತ್ತರಿಯನ್ನು ಚೀಲದೊಳಗೆ ಹಾಕಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ, ಬೈದರೆ ಹಗುರಾಗುತ್ತೇನೆಂದು ಆಸೆಯೂ ಇತ್ತು.

“ಹಂಗಾರ ಸಾಹುಕಾರ್ರ ಮುಂದ ನಾ ನಿಂತು, ತಪ್ಪು ನಂದು ಅಂತ ಹೇಳಿದ್ದು ಸುಳ್ಳಾತಲ್ರಿ,” ಎಂದರು. “ನಾ ಅವ್ರಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ.”

ನಾನು ಸಲಿಕೆ ತೆಗೆದುಕೊಂಡು ಮುಚ್ಚಲು ನಿಂತೆ. ನಾನು ಮಣ್ಣು ಎಳೆದು ಹಾಕುವುದನ್ನು ಸ್ವಲ್ಪ ಹೊತ್ತು ನೋಡಿ, ಅವರು ನನ್ನನ್ನು ಸರಿಸಿ, ಕೇಬಲ್ಲಿನ ಮೇಲೆ ಮೊದಲು ಉಸುಕು, ಮೇಲೆ ಇಟ್ಟಿಗೆ, ಆಮೇಲೆ ಗರಸು ಎಂದು ತಾವೇ ಮುಚ್ಚತೊಡಗಿದರು. ಸಂಜೆಯವರೆಗೆ ನಾನು ಬುಟ್ಟಿ ತುಂಬಿ ಕೊಟ್ಟೆ.

ಸೋಮವಾರ ಸಭೆಗೆ ಮೊದಲೇ ಸಾಹುಕಾರ್ರಿಗೆ ಹೇಳಿದೆ. ಅವರು, ಈ ಮಾತನ್ನು ಒಳಗೆ ಕಾಕಾರ ಎದುರಿಗೇ ಹೇಳಬೇಕು ಎಂದರು, ಹೇಳಿದೆ. ಚಂದ್ರನನ್ನು ನಂಬಿ ಕಂಪ್ಯೂಟರ್ ನಡೆಸಿದ ಎಂಜಿನಿಯರನನ್ನು ಇದೇ ಮೊದಲು ನೋಡಿದ್ದು ಎಂದು ಸಭೆಯಲ್ಲಿ ಯಾರೋ ಅಂದರು, ಎಲ್ಲರೂ ನಕ್ಕರು. ಕಾಕಾರ ಕೆಲಸ ಮುಂದುವರಿಯಿತು. ನನ್ನ ಕೆಲಸದ ಮಾತನ್ನು ಯಾರೂ ಎತ್ತಲೇ ಇಲ್ಲ. ಮಾಡದ ತಪ್ಪಿಗೆ ಅವರ ಅನ್ನ ಹೋಗುವುದರಲ್ಲಿತ್ತು, ಮಾಡಿದ ತಪ್ಪಿಗೆ ನನಗೆ ಸಿಕ್ಕಿದ್ದು ಒಂದು ನಗೆ. ಅಲ್ಲಿ ನಗದೆ ಕೂತಿದ್ದವರು ನಾವಿಬ್ಬರೇ.

ಆಮೇಲೆ ಕೆಲಸವನ್ನು ಸರಿಯಾಗಿ ಕಟ್ಟಿದೆ. ದೊಡ್ಡ ಕೀಲಿ, ಸಣ್ಣ ಕೀಲಿ ಎಂದು ಎರಡು ಮಾಡಿದೆ. ದೊಡ್ಡದು ತಿಜೋರಿ ಸೇರಿತು, ಅದರಿಂದ ಸಣ್ಣ ಕೀಲಿಗೆ ಬಿದ್ದ ಸಹಿಗೆ ಒಂದು ವರ್ಷದ ಅವಧಿ. ಸಣ್ಣದನ್ನು ಸರ್ವರಿನಲ್ಲಿಟ್ಟು, ವಾರಕ್ಕೊಮ್ಮೆ ಉತ್ತರಗಳ ಸಹಿ ತಾನಾಗಿ ಹೊಸದಾಗುವಂತೆ ಮಾಡಿದೆ. ಯಾವ ಸಹಿಗೇ ಆಗಲಿ ಹತ್ತು ದಿನ ಉಳಿದರೆ ಎಚ್ಚರಿಕೆಯ ಪತ್ರ ನನಗಷ್ಟೇ ಅಲ್ಲ, ಸಾಹುಕಾರ್ರಿಗೂ ಹೋಗಬೇಕು. ನನ್ನ ಕಂಪ್ಯೂಟರಿನಲ್ಲಿ ಕೈಯಾರೆ ಬರೆದಿದ್ದ ಹೆಸರನ್ನು ಅಳಿಸಿದೆ, ಕೌಂಟರಿನವರಿಗೆ ಕಾಣುವುದೇ ನನಗೂ ಕಾಣಲಿ ಎಂದು. ಎರಡು ತಿಂಗಳು ಹೀಗೆ ನಡೆಸಿ ನೋಡಿ, ಆಮೇಲಷ್ಟೇ ಮುಂದಿನ ಕಟ್ಟಡದ ಯಂತ್ರಕ್ಕೆ ಬಹಿರಂಗ ಕೀಲಿಯನ್ನು ಮರಳಿ ಬರೆದೆ. ಆ ಮೇಲೆ ಸಹಿಯಿಂದಾಗಿ ಒಂದು ದಿನವೂ ಕೌಂಟರು ನಿಲ್ಲಲಿಲ್ಲ.

ಕಾಕಾ ಮೊದಲಿನಂತೆಯೇ ಬರುತ್ತಿದ್ದರು, ನಮಸ್ಕಾರ ಹೇಳುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಎಲ್ಲವೂ ಮರೆತುಹೋಯಿತೆಂದು ನಾನು ನಂಬಿಕೊಂಡಿದ್ದೆ. ಮರುವರ್ಷದ ಮಳೆಗಾಲದಲ್ಲಿ, ಎರಡು ದಿನ ಬಿಡದೆ ಸುರಿದ ಮೇಲೆ, ಒಂದು ಬೆಳಿಗ್ಗೆ ಕೌಂಟರುಗಳು ನಿಂತವು. ನೀರೇ ಇಳಿದಿತ್ತು, ಖರೆಯಾದ ಕೇಬಲ್ ದೋಷ. ಹಾರೆ, ಚೀಲ ಹಿಡಿದು ಬಂದ ಕಾಕಾ ಬಯಲಿಗೆ ಹೋಗಲಿಲ್ಲ. ನೆನೆದ ಚಪ್ಪಲಿಯನ್ನು ಹೊರಗೆ ಬಿಟ್ಟು ನನ್ನ ಮೇಜಿನ ಎದುರು ಬಂದು ನಿಂತರು, ನಿಮ್ಮ ಕಡೆಯದನ್ನು ನೋಡಿದಿರಾ ಎಂದು ಕೇಳಿದರು. ನೋಡಿದ್ದೇನೆ ಎಂದೆ. ಸಹಿಗಳ ದಿನಾಂಕ ತೆರೆದು ತೋರಿಸಿದೆ, ದಾಖಲೆ ತೋರಿಸಿದೆ, ಎಲ್ಲ ಸರಿಯಿದೆ, ಈ ಸಲ ನಿಮ್ಮ ಕೇಬಲ್ಲೇ ಕಾಕಾ ಎಂದೆ. ಅವರು ಪರದೆಯ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಖಾಲಿ ಕಾಗದವನ್ನು ನನ್ನ ಮುಂದೆ ಸರಿಸಿದರು.

“ಹಂಗಂತ ಬರದ ಕೊಡ್ರಿ,” ಎಂದರು.